ಒಂಬತ್ತು ಟ್ಯೂಬು, ಒಂದೇ ವಾಸನೆ

“ಮೂಸು,” ಅಂದಳು ತಂಗಿ.

ಸರ್ವೇಯರ್ ಮೂಸಿದ. ಮೂಸಿದ ಮೇಲೆ ಕೂರಲು ಸ್ಟೂಲು ಹುಡುಕಿದ.

“ಇದು ಏಳನೇದು. ಮೊದಲಿನ ಆರರ ಥರಾನೇ ಇದೆಯೋ, ಬೇರೆ ಇದೆಯೋ, ಸರಿಯಾಗಿ ಹೇಳು.”

“ಪುಟ್ಟೀ, ಮೂರನೇದಕ್ಕೇ ನನ್ನ ಮೂಗು ರಾಜೀನಾಮೆ ಕೊಟ್ಟಿದೆ. ಎಲ್ಲಾ ಒಂದೇ. ಘಾಟು ಅಂದ್ರೆ ಘಾಟು. ಕಣ್ಣಲ್ಲಿ ನೀರು ಬರ್ತಿದೆ.”

“ಅದೇ ನಾನೂ ಹೇಳ್ತಿರೋದು,” ಅಂದಳು ಐವತ್ತೆರಡು ವರ್ಷದ ಪುಟ್ಟಿ. ಎಂಟನೆಯ ಟ್ಯೂಬಿನ ಮುಚ್ಚಳ ತಿರುಗಿಸಿದಳು.

ಮೂರು ತಿಂಗಳಲ್ಲಿ ಒಂಬತ್ತು ಬೆಕ್ಕು ಸತ್ತಿದ್ದವು. ಒಂಬತ್ತಕ್ಕೂ ಇದೇ ಪ್ರಾಣಿ ಆಸ್ಪತ್ರೆಯ ಇದೇ ನೆಲಮಾಳಿಗೆಯ ಲ್ಯಾಬಿನಿಂದ ‘ಕಿಡ್ನಿ ಚೆನ್ನಾಗಿದೆ’ ಎಂಬ ವರದಿ ಹೋಗಿತ್ತು. ಒಂಬತ್ತೂ ಕಿಡ್ನಿ ಕೆಟ್ಟೇ ಸತ್ತಿದ್ದವು. ಮೂತ್ರದ ಟ್ಯೂಬಿಗೆ ಚೀಟಿ ಅಂಟಿಸುವುದು ಇಪ್ಪತ್ತಾರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿರುವ ತಂಗಿಯ ಕೆಲಸ. ಹಾಗಾಗಿ ಚೀಟಿ ಅದಲುಬದಲು ಮಾಡಿದ್ದೂ ತಂಗಿಯೇ ಎಂದು ಮೇಲಿನವರು ತೀರ್ಮಾನಿಸಿಯಾಗಿತ್ತು. ಇನ್ನು ಉಳಿದದ್ದು ವಿಚಾರಣೆ ಮಾತ್ರ. ತೀರ್ಮಾನ ಆದಮೇಲೆ ವಿಚಾರಣೆ ಮಾಡುವುದರಲ್ಲಿ ಸಮಯ ಬಹಳ ಉಳಿಯುತ್ತದೆ. ಇವತ್ತು ನಾಲ್ಕು ಗಂಟೆಗೆ ಸಮಿತಿ ಕೂರುವುದಿತ್ತು. ತಪ್ಪು ಅವಳದೆಂದಾದರೆ ಈ ಕೆಲಸ ಹೋಗುವುದಷ್ಟೇ ಅಲ್ಲ, ಇನ್ಯಾವ ಲ್ಯಾಬೂ ಅವಳನ್ನು ಒಳಗೆ ಬಿಡುವುದಿಲ್ಲ.

ಗೋಡೆಯ ಗಡಿಯಾರದಲ್ಲಿ ಒಂದೂ ನಲವತ್ತು.

ಸರ್ವೇಯರ್ ಮೂವತ್ತು ವರ್ಷ ಜಮೀನು ಅಳೆದವನು. ಕಲ್ಲು ಕಿತ್ತು ಒಂದಡಿ ಆಚೆ ನೆಟ್ಟು, ಹುಟ್ಟಿದಾಗಿನಿಂದ ಇಲ್ಲೇ ಇತ್ತು ಎಂದು ದೇವರ ಮೇಲೆ ಆಣೆ ಇಡುವವರನ್ನು ಸಾವಿರ ಸಲ ನೋಡಿದವನು. ನಿವೃತ್ತಿಯಾದ ಮೇಲೆ ಪತ್ತೇದಾರಿಕೆಗೆ ಇಳಿದದ್ದು ಅವನಿಗೆ ಕೆಲಸ ಬದಲಾಯಿಸಿದಂತೆಯೇ ಅನ್ನಿಸಿರಲಿಲ್ಲ. ಯಾವುದನ್ನೇ ಆಗಲಿ ಎರಡು ಸಲ ಎಣಿಸುವ ಚಟವೂ ಅಲ್ಲಿಂದಲೇ ಬಂದದ್ದು.

“ಇನ್ನೊಂದ್ಸಲ ಹೇಳು. ನಿಧಾನಕ್ಕೆ,” ಅಂದ.

“ಕಿಡ್ನಿ ಸೋತ ಬೆಕ್ಕಿನ ಮೂತ್ರ ನೀರು ನೀರಾಗಿರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಈ ಒಂಬತ್ತೂ ಬಂದಾಗ ನಾನು ಮೂಸಿದ್ದೆ. ಮೂಸಬಾರದು ಅಂತ ರೂಲ್ಸಿದೆ, ಆದ್ರೂ ಮೂಸ್ತೀನಿ. ನನ್ನ ಪುಸ್ತಕದಲ್ಲಿ ವಾಸನೆಗೆ ಐದಕ್ಕೆ ಎಷ್ಟು ಅಂತ ಅಂಕ ಹಾಕಿಟ್ಟಿದ್ದೀನಿ. ಒಂಬತ್ತಕ್ಕೂ ಒಂದೋ ಎರಡೋ. ಈಗ ನೋಡು, ಒಂಬತ್ತೂ ಐದಕ್ಕೆ ಐದು. ಫ್ರೀಜರಲ್ಲಿಟ್ಟ ಮೂತ್ರ ಮೂರು ತಿಂಗಳಲ್ಲಿ ಗಂಡಸಾಗುತ್ತಾ?”

“ಗಂಡಸು ಅಂದ್ರೆ?”

“ಇದು ಬೀಜ ತೆಗೆಸದ ಗಂಡು ಬೆಕ್ಕಿನ ವಾಸನೆ ಅಣ್ಣ. ಸತ್ತ ಒಂಬತ್ತರಲ್ಲಿ ಒಂದೂ ಅಂಥದ್ದಲ್ಲ. ಆರು ಹೆಣ್ಣು, ಮೂರು ಆಪರೇಷನ್ ಆದ ಗಂಡು.”

“ನಿನ್ನ ಅಂಕದ ಪುಸ್ತಕ ಸಮಿತಿಗೆ ತೋರಿಸಿದ್ಯಾ?”

“ತೋರಿಸಿದೆ. ನಕ್ಕರು.”

ಅವಳು ಅದನ್ನು ಹೇಳಿದ ರೀತಿಗೆ ಅವನು ಬೇರೆ ಕಡೆ ನೋಡಿದ. ಯಂತ್ರ ಓದಿದ್ದನ್ನು ನಂಬುತ್ತಾರೆ, ಮೂಗು ಓದಿದ್ದನ್ನು ನಂಬುವುದಿಲ್ಲ. ಆಸ್ಪತ್ರೆಯಲ್ಲಿ ಹಿಂದಿನಿಂದ ಅವಳನ್ನು ‘ಮೂಗಮ್ಮ’ ಎನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳು ಎಂಥವಳೆಂದರೆ, ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಏನಾದರೂ ಒಡೆದ ಸದ್ದಾದರೆ ಇಲ್ಲಿಂದಲೇ “ನಾನಲ್ಲ” ಎನ್ನುವ ಬದಲು “ತಪ್ಪಾಯ್ತು” ಎನ್ನುತ್ತಿದ್ದಳು.

“ಅಣ್ಣ, ಬೆಳಿಗ್ಗೆ ಅಜ್ಜಿ ತಟ್ಟೆ ಮುಟ್ಟಿಲ್ಲ, ನೋಡಿದ್ಯಾ?”

ಅಜ್ಜಿ ಎಂದರೆ ಇವರಿಬ್ಬರ ಮನೆಯ ಬೆಕ್ಕು, ಹನ್ನೊಂದು ವರ್ಷದ ಮುದುಕಿ. ಹೆಂಡತಿ ತೀರಿಕೊಂಡ ಮೇಲೆ ಸರ್ವೇಯರನ ಮೇಲೆ ಅಧಿಕಾರ ಚಲಾಯಿಸಲು ಉಳಿದಿದ್ದ ಒಂದೇ ಜೀವ. ತಟ್ಟೆಯನ್ನು ಅವನು ನೋಡಿರಲಿಲ್ಲ. ನೀರಿನ ಬಟ್ಟಲನ್ನು ಮಾತ್ರ ಬೆಳಿಗ್ಗೆಯಿಂದ ಮೂರು ಸಲ ತುಂಬಿಸಿದ್ದ, ಸೆಕೆಗಿರಬೇಕು ಅಂದುಕೊಂಡು.

“ನೀನು ಮೊದಲು ನಿನ್ನ ಕೆಲಸ ಉಳಿಸ್ಕೋ. ಆಮೇಲೆ ಅಜ್ಜಿ.”

“ಅಜ್ಜಿನ ನಾನು ನೋಡ್ಕೋತೀನಿ ಬಿಡಿ ಅಕ್ಕ,” ಎಂದಿತು ಬಾಗಿಲ ಕಡೆಯಿಂದ ಒಂದು ಸ್ವರ.

ಬೋನುಗಳ ಉಸ್ತುವಾರಿಯವನು, ಕೈಯಲ್ಲಿ ಬಕೆಟ್ಟು. ಆಸ್ಪತ್ರೆಗೆ ರಕ್ತ ಕೊಡಲೆಂದು ಸಾಕಿದ ದಪ್ಪ ಗಂಡು ಬೆಕ್ಕೊಂದಿದೆ. ತಿನ್ನುವುದು, ಮಲಗುವುದು, ಎದುರು ಸಿಕ್ಕವರ ಮೇಲೆ ಸಿಡುಕುವುದು, ಇಷ್ಟೇ ಅದರ ದಿನಚರಿ. ಹಾಗಾಗಿ ಯಾರೋ ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟರು. ಅಳಿಯನನ್ನು ಸಾಕುವವನು ತಾನಾಗಿಯೇ ‘ಮಾವ’ನಾದ. ಐದು ವರ್ಷದಿಂದ ಎಲ್ಲರೂ ಅವನನ್ನು ಹಾಗೇ ಕರೆಯುವುದು. ಮುಂಬಾಗಿಲ ಕಡೆ ಅವನು ಬರುವವನಲ್ಲ. ಮುಂದಿನದು ಗಿರಾಕಿಗಳದ್ದು, ಹಿಂದಿನದು ನನ್ನದು ಅನ್ನುತ್ತಿದ್ದ.

“ನಿಮಗ್ಯಾಕೆ ತೊಂದ್ರೆ ಮಾವ,” ಅಂದಳು ತಂಗಿ.

“ನಮ್ಮಜ್ಜಿ ಅಲ್ವಾ. ನೀವು ಧೈರ್ಯವಾಗಿರಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅಂತಾರೆ. ಇಲ್ಲಿ ಬೆಕ್ಕು ಸತ್ತರೂ ಇಲಿಗೇ ಸಂಕಟ.”

ತಂಗಿ ನಕ್ಕಳು. ಆ ದಿನ ಅವಳನ್ನು ನಗಿಸಿದವನು ಅವನೊಬ್ಬನೇ. ಸರ್ವೇಯರನಿಗೆ ಅದಕ್ಕಾಗಿ ಅವನ ಮೇಲೆ ಅಭಿಮಾನವೂ ಬಂತು.

ಒಂಬತ್ತನೆಯ ಟ್ಯೂಬನ್ನು ಬೆಳಕಿಗೆ ಹಿಡಿದಾಗ ತಳದಲ್ಲಿ ಏನೋ ಕಂಡಿತು. ಸರ್ವೇಯರ್ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ ನೋಡಿದ. ಸಾಸಿವೆ ಕಾಳಿನಷ್ಟು ದೊಡ್ಡ, ಬಿಳಿಯ, ನುಣುಪಾದ ಒಂದು ಪ್ಲಾಸ್ಟಿಕ್ ಮಣಿ.

“ಇದೇನು ಪುಟ್ಟಿ?”

ಅವಳು ಚಿಮಟದಲ್ಲಿ ತೆಗೆದು ಕಾಗದದ ಮೇಲಿಟ್ಟಳು. ಮುಖದ ಬಣ್ಣ ಇಳಿಯಿತು.

“ಇದು ಇಲ್ಲಿ ಇರಕ್ಕೇ ಸಾಧ್ಯ ಇಲ್ಲ. ಡಾಕ್ಟರಮ್ಮನ ಹೊಸ ಕಿಡ್ನಿ ಪರೀಕ್ಷೆಯ ಅಧ್ಯಯನಕ್ಕೆ ಬರೋ ಮೂತ್ರ ಎಲ್ಲಾ ಅವರೇ ಹೊಟ್ಟೆಗೆ ಸೂಜಿ ಹಾಕಿ ನೇರ ಮೂತ್ರದ ಚೀಲದಿಂದ ತೆಗೆಯೋದು. ಒಂದು ಕೂದಲೂ ಬರಲ್ಲ. ಈ ಮಣಿ ಟ್ರೇಗೆ ಹಾಕೋದು, ಬೆಕ್ಕು ತಾನಾಗೇ ಮಾಡಲಿ ಅಂತ. ಮರಳಾದ್ರೆ ಹೀರ್ಕೊಳ್ಳುತ್ತೆ, ಮಣಿಯಾದ್ರೆ ಮೂತ್ರ ಕೆಳಗೆ ನಿಲ್ಲುತ್ತೆ.”

“ಇಲ್ಲಿ ಮಣಿ ಟ್ರೇ ಯಾರಿಗೆ ಇಡ್ತಾರೆ?”

ತಂಗಿ ಮಾವನತ್ತ ನೋಡಿದಳು. ಮಾವ ಬಕೆಟ್ಟು ಕೆಳಗಿಟ್ಟ.

“ಅಳಿಯನಿಗೆ,” ಅಂದ. “ಅವನ ಹತ್ರ ಸೂಜಿ ತಗೊಂಡು ಹೋದವರು ವಾಪಸ್ ಬರಲ್ಲ. ಅಕ್ಕನ ಹೆಬ್ಬೆರಳು ಕೇಳಿ ಬೇಕಾದ್ರೆ. ಬೀಜ ತೆಗೆಸೋಣ ತೆಗೆಸೋಣ ಅಂತ ಮೂರು ವರ್ಷದಿಂದ ಹೇಳ್ತಾನೇ ಇದ್ದಾರೆ, ಬೆಕ್ಕಿಗೆ ಗಂಟೆ ಕಟ್ಟೋರು ಯಾರು?”

“ಅವನ ಮೂತ್ರ ಯಾರಿಗಾದ್ರೂ ಹಿಡಿದು ಕೊಟ್ಟಿದ್ಯಾ?”

ಮಾವ ತಲೆ ತಗ್ಗಿಸಿದ. ಹೇಳಲೋ ಬೇಡವೋ ಎಂಬಂತೆ ಟವೆಲಿನಲ್ಲಿ ಕೈ ಒರೆಸಿದ, ಒಣಗಿದ್ದ ಕೈಯನ್ನು.

“ಡಾಕ್ಟರಮ್ಮ ಕೇಳಿದ್ರು. ಕೊಟ್ಟೆ. ನಾವು ಕೇಳೋಕಾಗುತ್ತಾ ಸಾರ್, ಯಾಕೆ ಅಂತ?”

*

ಡಾಕ್ಟರಮ್ಮ ಆಪರೇಷನ್ ಮುಗಿಸಿ ಬರುವ ಹೊತ್ತಿಗೆ ಎರಡೂವರೆ ಆಗಿತ್ತು. ಅವರ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಮುದಿ ಬೆಕ್ಕು ಕುಳಿತಿತ್ತು. ಮೇಲೆ ಕೊಕ್ಕೆಗೆ ಸಲೈನ್ ಚೀಲ ತೂಗಿತ್ತು. ಅದರ ನಳಿಕೆ ಬಂದು ಬೆಕ್ಕಿನ ಭುಜದ ನಡುವೆ ಚರ್ಮದ ಅಡಿಗೆ ಸೇರಿತ್ತು. ನೀರು ಇಳಿದಂತೆ ಬೆನ್ನ ಮೇಲೆ ಗಂಟೊಂದು ಮೆಲ್ಲಗೆ ಊದುತ್ತಿತ್ತು.

“ಬಂದ್ರಾ? ಒಳ್ಳೇದಾಯ್ತು. ಹಿಡ್ಕೊಳ್ಳಿ,” ಅಂದರು ಡಾಕ್ಟರಮ್ಮ. “ನರ್ಸ್ ಊಟಕ್ಕೆ ಹೋಗಿದ್ದಾಳೆ. ಎರಡೂ ಕೈ. ಗಟ್ಟಿಯಾಗಿ ಅಲ್ಲ, ನಂಬಿಕೆಯಾಗಿ.”

ಅಪರಾಧಿ ಎಂದು ತಿಳಿದು ಹಿಡಿಯಲು ಬಂದವನ ಕೈಗೆ ಅವರು ಬೆಕ್ಕನ್ನು ಹಿಡಿಸಿದರು. ಸರ್ವೇಯರನಿಗೆ ಬೈಗುಳ ಹೊಳೆಯಲಿಲ್ಲ. ಹಿಡಿದುಕೊಂಡ.

“ಡಾಕ್ಟರಮ್ಮ, ಸೂಜಿಯಲ್ಲಿ ತೆಗೆದ ಮೂತ್ರದಲ್ಲಿ ಪ್ಲಾಸ್ಟಿಕ್ ಮಣಿ ಬರುತ್ತಾ?”

“ಮೆತ್ತಗೆ. ಇದಕ್ಕೆ ಜೋರು ಮಾತು ಆಗಲ್ಲ.”

ಅವನು ಪಿಸುಗುಟ್ಟಿದ. “ಬರುತ್ತಾ?”

“ಬರಲ್ಲ.”

“ನನ್ನ ಅಂಗಿ ಜೇಬಲ್ಲಿ ಒಂದಿದೆ. ಸತ್ತ ಬೆಕ್ಕಿನ ಟ್ಯೂಬಲ್ಲಿ ಸಿಕ್ಕಿದ್ದು.”

ಡಾಕ್ಟರಮ್ಮ ನಳಿಕೆಯ ಚಕ್ರವನ್ನು ಅರ್ಧ ಸುತ್ತು ಸಡಿಲಿಸಿದರು. ಹನಿಗಳು ಬೇಗ ಬೇಗ ಬೀಳತೊಡಗಿದವು. ಅವರು ಅವನ್ನೇ ನೋಡುತ್ತ ನಿಂತರು. ಅರವತ್ತರ ಅಂಚಿನ ಹೆಂಗಸು. ಕೈತುಂಬ ಹಳೆಯ ಉಗುರಿನ ಗೀರು.

“ನಾನೇ ಬದಲಾಯಿಸಿದ್ದು,” ಅಂದರು.

ಇಷ್ಟು ಸುಲಭವಾಗಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ಸಿಟ್ಟಿಗೆಂದು ಮೂರು ದಿನದಿಂದ ಕೂಡಿಟ್ಟ ಮಾತೆಲ್ಲ ಕೆಲಸಕ್ಕೆ ಬಾರದೆ ಹೋಯಿತು. ಬೆಕ್ಕು ತಲೆಯೆತ್ತಿ ಅವನನ್ನು ನೋಡಿತು.

“ಯಾಕೆ? ನಿಮ್ಮ ಹೊಸ ಪರೀಕ್ಷೆ ಸುಳ್ಳು ಅಂತ ಗೊತ್ತಾಗಬಾರದು ಅಂತಾನಾ?”

“ಸುಳ್ಳಾಗಿದ್ದಿದ್ರೆ ಚೆನ್ನಾಗಿತ್ತು.” ಅವರು ನಕ್ಕರು, ಸದ್ದಿಲ್ಲದೆ. “ರಕ್ತ ಪರೀಕ್ಷೆ ಹೇಳೋ ಹೊತ್ತಿಗೆ ಮುಕ್ಕಾಲು ಕಿಡ್ನಿ ಹೋಗಿರುತ್ತೆ ಸರ್ವೇಯರ್ರೇ. ಮನೆ ಮುಳುಗಿದ ಮೇಲೆ ಕೂಗಿದ ಹಾಗೆ. ಮೂತ್ರ ಹಾಗಲ್ಲ. ಒಳಗಿನ ಸಣ್ಣ ನಳಿಕೆಗಳಿಗೆ ಏಟು ಬಿದ್ದ ಕೂಡಲೆ ಒಂದೆರಡು ಪ್ರೋಟೀನ್ ಅದರಲ್ಲಿ ಸೋರೋಕೆ ಶುರುವಾಗುತ್ತೆ. ಅದನ್ನೇ ಬಯೋಮಾರ್ಕರ್ ಅನ್ನೋದು, ಗುರುತು ಅಂತ. ಎಂಟು ವರ್ಷ ಅದರ ಹಿಂದೆ ಬಿದ್ದಿದ್ದೆ. ಆ ಒಂಬತ್ತು ಟ್ಯೂಬ್ ಯಂತ್ರಕ್ಕೆ ಹಾಕಿದ ದಿನ ಗುರುತು ಗಂಟೆ ಹೊಡೆದ ಹಾಗೆ ಬಂತು. ನನ್ನ ಪರೀಕ್ಷೆ ಗೆದ್ದಿತ್ತು.”

“ಮತ್ತೆ?”

“ಒಂಬತ್ತೂ ಬೇರೆ ಬೇರೆ ಮನೆ, ಬೇರೆ ಬೇರೆ ವಯಸ್ಸು. ಮೂರೇ ವಾರದಲ್ಲಿ ಒಂಬತ್ತಕ್ಕೂ ಏಟು ಬಿದ್ದಿದೆ ಅಂದ್ರೆ ಅದು ಕಾಯಿಲೆ ಅಲ್ಲ, ಯಾರೋ ಏನೋ ಕೊಟ್ಟಿದ್ದಾರೆ. ನೋಡಿದೆ. ಒಂಬತ್ತಕ್ಕೂ ಇಲ್ಲೇ ಆಪರೇಷನ್ ಆಗಿತ್ತು. ಒಂಬತ್ತಕ್ಕೂ ಐದು ದಿನದ ನೋವಿನ ಔಷಧ ಸಿರಿಂಜಲ್ಲಿ ತುಂಬಿ ಮನೆಗೆ ಕಳಿಸಿದ್ವಿ.”

ಅವರು ಕಪಾಟಿನಿಂದ ಎರಡು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಂದೇ ಎತ್ತರ, ಒಂದೇ ಬಣ್ಣದ ಮುಚ್ಚಳ. ಚೀಟಿಯ ಮೂಲೆಯಲ್ಲಿ ಒಂದಕ್ಕೆ ನಾಯಿಯ ಚಿತ್ರ, ಒಂದಕ್ಕೆ ಬೆಕ್ಕಿನ ಚಿತ್ರ, ಅದೂ ಹೆಬ್ಬೆರಳುಗುರಿನಷ್ಟು.

“ನಾಯಿಯದ್ದು ಮೂರು ಪಟ್ಟು ಗಟ್ಟಿ. ಅಳತೆಯ ಸಿರಿಂಜ್ ಬೆಕ್ಕಿಂದೇ ಇತ್ತು. ಸಿರಿಂಜಿನ ಗೆರೆ ಸರಿ, ಕೈ ಸರಿ, ಬಾಟಲಿ ತಪ್ಪು. ನಾಲ್ಕು ಕಿಲೋ ಬೆಕ್ಕು ಐದು ದಿನ ಹನ್ನೆರಡು ಕಿಲೋ ಪ್ರಾಣಿಯ ಔಷಧ ಕುಡೀತು.”

“ತುಂಬಿದ್ದು ಯಾರು?”

ಡಾಕ್ಟರಮ್ಮ ಲ್ಯಾಬಿನ ಕಡೆ ಕಣ್ಣು ಹಾಯಿಸಿದರು. ಆ ನೋಟ ಯಾರತ್ತ ಎಂದು ಅವನಿಗೆ ತಿಳಿಯಿತು.

“ಅಲ್ಲ,” ಅಂದ.

“ಆ ಮೂರು ವಾರ ನರ್ಸ್ ಮಗಳ ಹೆರಿಗೆಗೆ ಹೋಗಿದ್ದಳು. ಸಿರಿಂಜ್ ತುಂಬೋಕೆ ಇದ್ದಿದ್ದು ನಿಮ್ಮ ತಂಗಿ. ಕೈಗೆ ಪುರುಸೊತ್ತಿದ್ದಾಗ ಮಾವ ಬಾಟಲಿ ಎತ್ತಿಕೊಡ್ತಿದ್ದ. ರಿಜಿಸ್ಟರಲ್ಲಿ ‘ತುಂಬಿದವರು’ ಅನ್ನೋ ಕಡೆ ಒಂಬತ್ತೂ ಸಲ ಅವಳ ಸಹಿ ಇದೆ. ಮಾವನೇ ತಂದು ತೋರಿಸಿದ. ‘ಅಕ್ಕ ಸತ್ತೇಹೋಗ್ತಾಳೆ, ಏನಾದ್ರೂ ಮಾಡಿ’ ಅಂತ ನನ್ನ ಮುಂದೆ ಅತ್ತುಬಿಟ್ಟ, ಅಷ್ಟು ದೊಡ್ಡ ಗಂಡಸು.”

“ಅದಕ್ಕೆ ನೀವು ಅಳಿಯನ ಮೂತ್ರ ತುಂಬಿ, ಒಂಬತ್ತು ಮನೆಗೂ ಚೆನ್ನಾಗಿದೆ ಅಂತ ಬರೆದು ಕಳಿಸಿದ್ರಿ.”

“ಔಷಧ ನಿಂತಿತ್ತಲ್ಲ. ಸುಧಾರಿಸ್ಕೋತವೆ ಅಂದ್ಕೊಂಡೆ. ಎಷ್ಟೋ ಸುಧಾರಿಸ್ಕೋತವೆ.”

“ಇವು ಸುಧಾರಿಸ್ಕೊಳ್ಳಲಿಲ್ಲ.”

“ಇಲ್ಲ.”

“ಮೊದಲೇ ಹೇಳಿದ್ದಿದ್ರೆ?”

ಅವರು ಬೆಕ್ಕಿನ ಬೆನ್ನ ಮೇಲಿನ ನೀರಿನ ಗಂಟನ್ನು ಬೆರಳಿನಿಂದ ಒತ್ತಿ ನೋಡಿದರು. “ಇದು. ದಿನಾ ಇಷ್ಟು ನೀರು, ಬೇರೆ ಆಹಾರ. ಈ ಮುದುಕ ನೋಡಿ, ಮೂರನೇ ವರ್ಷ. ನನ್ನ ಕಣ್ಣಿಗೆ ಬೆಳಿಗ್ಗೆ ಎದ್ದ ಕೂಡಲೆ ಆ ಒಂಬತ್ತೇ ಕಾಣೋದು. ಬೇಗ ಗೊತ್ತಾಗಲಿ ಅಂತ ಎಂಟು ವರ್ಷ ದುಡಿದೆ. ಬೇಗ ಗೊತ್ತಾಯ್ತು. ಗೊತ್ತಾದದ್ದನ್ನ ಮುಚ್ಚಿಟ್ಟೆ.”

“ಆದ್ರೆ ಕೊನೆಗೆ ಅವಳ ತಲೆಗೇ ಕಟ್ಟಿದ್ರಲ್ಲ!”

ಜೋರಾಯಿತು. ಬೆಕ್ಕು ಹೆದರಿ ಅವನ ಮುಂಗೈಗೆ ಉಗುರು ಇಳಿಸಿತು. ಎದೆಬಡಿತ ಇಳಿಯುವವರೆಗೂ ಡಾಕ್ಟರಮ್ಮ ಅದರ ಕಿವಿಯ ಹಿಂದೆ ಸವರಿದರು.

“ಚೀಟಿ ತಪ್ಪಿದಳು ಅಂದ್ರೆ ಕೆಲಸ ಹೋಗುತ್ತೆ, ಅಷ್ಟೆ,” ಅಂದರು ಡಾಕ್ಟರಮ್ಮ ಪಿಸುಮಾತಿನಲ್ಲೇ. “ಒಂಬತ್ತು ಬೆಕ್ಕನ್ನ ತನ್ನ ಕೈಯಾರೆ ಕೊಂದೆ ಅಂತ ಗೊತ್ತಾದ್ರೆ? ನಿಮ್ಮ ತಂಗಿ ನಿಮಗೆ ಗೊತ್ತಿಲ್ವಾ? ಯಾವುದು ಉಳಿಸ್ತೀರಿ ಹೇಳಿ, ಅವಳ ಹೆಸರನ್ನೋ, ಅವಳನ್ನೋ?”

ಸರ್ವೇಯರನಿಗೆ ಗೊತ್ತಿತ್ತು. ಅದೇ ಕಷ್ಟ. ಅಳೆಯಲು ಬಂದ ಜಮೀನು ತನ್ನದೇ ಆದಾಗ ಸರಪಳಿ ಎಷ್ಟು ಎಳೆದರೂ ನೇರ ನಿಲ್ಲುವುದಿಲ್ಲ.

“ನಿಜವಾದ ಒಂಬತ್ತು ಟ್ಯೂಬ್ ಏನಾದವು?”

“ಚೆಲ್ಲೋಕೆ ಮನಸ್ಸು ಬರಲಿಲ್ಲ.” ಅವರು ಲಸಿಕೆಯ ಫ್ರಿಜ್ಜು ತೆರೆದು, ಮೇಲಿನ ಹಿಮದ ಖಾನೆಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಮೇಲೆ ‘ಹಾಳಾದ ಲಸಿಕೆ’ ಎಂದು ಬರೆದಿತ್ತು. ಸಲೈನ್ ಮುಗಿದಿತ್ತು. ಸೂಜಿ ತೆಗೆದು, ಬೆಕ್ಕನ್ನು ತಾವೇ ಎತ್ತಿಕೊಂಡು ಡಬ್ಬಿಯನ್ನು ಅವನ ಕೈಗಿತ್ತರು. “ಸಮಿತಿಗೆ ಕೊಡಿ, ಇಲ್ಲಾ ಅಲ್ಲಿ ಸಿಂಕಿದೆ, ಸುರೀರಿ. ಅಣ್ಣ ನೀವು. ನಾನು ಹೊರಗಿನವಳು.”

ಅವನು ಡಬ್ಬಿ ತೆರೆದ. ಎಣಿಸಿದ. ಮತ್ತೊಮ್ಮೆ ಎಣಿಸಿದ.

“ಹತ್ತಿದೆ.”

“ಒಂಬತ್ತು.”

“ಡಾಕ್ಟರಮ್ಮ, ನಾನು ಓದಿದ್ದು ಕಮ್ಮಿ ಇರಬಹುದು, ಎಣಿಸೋದ್ರಲ್ಲಿ ತಪ್ಪಲ್ಲ. ಹತ್ತು.”

ಅವರು ಬಂದು ಬಗ್ಗಿ ನೋಡಿದರು. ತುಟಿ ಅಲುಗಿಸಿ ಎಣಿಸಿದರು. ಇಷ್ಟು ಹೊತ್ತೂ ತಪ್ಪೊಪ್ಪಿಕೊಂಡ ನೆಮ್ಮದಿಯಿದ್ದ ಮುಖದಲ್ಲಿ ಈಗ ಮೊದಲ ಬಾರಿಗೆ ಭಯ ಕಂಡಿತು.

“ನಾನು ಇಟ್ಟಿದ್ದು ಒಂಬತ್ತೇ. ಇಲ್ಲಿಗೆ ಬೇರೆ ಯಾರೂ...” ಫ್ರಿಜ್ಜಿನತ್ತ ತಿರುಗಿ ನೋಡಿದರು.

ಹತ್ತನೆಯ ಟ್ಯೂಬಿನ ಮೇಲೆ ನಲವತ್ತೇಳು ಎಂಬ ಸಂಖ್ಯೆ ಇತ್ತು. ಅವರು ಔಷಧದ ರಿಜಿಸ್ಟರ್ ತೆಗೆದು ಪುಟ ತಿರುವಿದರು. ನಲವತ್ತೇಳು ಸಿಕ್ಕಿದ ಜಾಗದಲ್ಲಿ ಬೆರಳು ನಿಂತಿತು. ಅವರು ಓದಲಿಲ್ಲ. ರಿಜಿಸ್ಟರನ್ನೇ ಅವನತ್ತ ತಿರುಗಿಸಿದರು.

ಹನ್ನೊಂದನೆಯ ತಾರೀಕು. ಹೆಣ್ಣು, ಹನ್ನೊಂದು ವರ್ಷ. ಎರಡು ಹಲ್ಲು ಕಿತ್ತದ್ದು. ಐದು ದಿನದ ಔಷಧ. ಕರೆಯುವ ಹೆಸರು: ಅಜ್ಜಿ.

ಸರ್ವೇಯರ್ ಆ ಐದು ದಿನವನ್ನು ನೆನೆದ. ಅಜ್ಜಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ನಡುವೆ ಇಟ್ಟುಕೊಂಡು, ಬಾಯಿ ಬಿಡಿಸಿ ಸಿರಿಂಜ್ ಒತ್ತಿದ್ದು ಅವನೇ. ಒಂದು ತೊಟ್ಟೂ ಹೊರಗೆ ಚೆಲ್ಲದ ಹಾಗೆ. ಎಷ್ಟು ಜಾಣತನದಿಂದ ಕುಡಿಸಿದೆ ನೋಡು ಎಂದು ತಂಗಿಯ ಮುಂದೆ ಹೆಮ್ಮೆಪಟ್ಟಿದ್ದು ಬೇರೆ.

ಆಮೇಲೆ ಇವತ್ತು ಬೆಳಿಗ್ಗೆ ಮೂರು ಸಲ ತುಂಬಿಸಿದ ನೀರಿನ ಬಟ್ಟಲು ನೆನಪಾಯಿತು.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದವರು ಯಾರೋ, ನೀರು ಕುಡಿಯುತ್ತಿರುವವರು ಯಾರೋ.

“ಅವಳು ಇನ್ನೂ ಬದುಕಿದ್ದಾಳೆ,” ಅಂದ. ಮಾತು ಯಾರಿಗೆ ಹೇಳಿದ್ದೆಂದು ಅವನಿಗೇ ಗೊತ್ತಿರಲಿಲ್ಲ.

“ಈಗಲೇ ಕರ್ಕೊಂಡು ಬನ್ನಿ. ಈಗಲೇ. ಮೂತ್ರ ತೆಗೆದು ನೋಡೋಣ, ಇನ್ನೂ ಹೊತ್ತು ಮೀರಿರಲ್ಲ...”

ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ, ‘ತುಂಬಿದವರು’ ಎಂಬ ಕಡೆ, ತಂಗಿಯ ಸಹಿ ಇತ್ತು. ಬಾಲ ಮೇಲಕ್ಕೆ ಎಳೆದ, ಅವಳದೇ ಸಹಿ. ಪಕ್ಕದಲ್ಲಿ ಗಂಟೆ ಹತ್ತೂವರೆ ಎಂದು.

“ಹನ್ನೊಂದನೇ ತಾರೀಕು ಹತ್ತೂವರೆಗೆ ಪುಟ್ಟಿ ಎಲ್ಲಿದ್ದಳು ಗೊತ್ತಾ ಡಾಕ್ಟರಮ್ಮ?”

“ಇಲ್ಲೇ ಇರಬೇಕು.”

“ಇಲ್ಲೇ ಇದ್ದಳು. ಆದ್ರೆ ಹಿಂದೆ ಅಲ್ಲ. ಮುಂದೆ, ಗಿರಾಕಿಗಳ ಬೆಂಚಿನ ಮೇಲೆ, ನನ್ನ ಪಕ್ಕ. ಹಿಂದಿನ ದಿನ ಅಳಿಯ ಅವಳ ಬಲಗೈ ಹೆಬ್ಬೆರಳು ಕಚ್ಚಿದ್ದ. ಬೆರಳಿಗೆ ಬದನೆಕಾಯಿಯಷ್ಟು ದಪ್ಪ ಬ್ಯಾಂಡೇಜು. ವಾರ ರಜ ಹಾಕಿದ್ದಳು. ಬುಟ್ಟಿ ಹಿಡಿಯೋಕೆ ನಿನಗೆ ಬರಲ್ಲ ಅಂತ ನನ್ನ ಜೊತೆ ಬಂದು, ಹಲ್ಲು ಕಿತ್ತ ಮೇಲೆ ಅಜ್ಜಿಯ ಅರಿವಳಿಕೆ ಇಳಿಯಲಿ ಅಂತ ಹನ್ನೆರಡು ಗಂಟೆವರೆಗೂ ಎಡಗೈ ಬುಟ್ಟಿಯೊಳಗೆ ಇಟ್ಕೊಂಡು ಅಲ್ಲಾಡದೆ ಕೂತಿದ್ದಳು. ಆವತ್ತು ಅವಳ ಕೈಯಲ್ಲಿ ಪೆನ್ನು ಹಿಡಿಯೋಕೇ ಆಗ್ತಿರಲಿಲ್ಲ.”

ಡಾಕ್ಟರಮ್ಮ ಸಹಿಯನ್ನೇ ನೋಡಿದರು. ಆಮೇಲೆ ಅದರ ಮೇಲಿನ ಸಹಿಯನ್ನು. ಅದರ ಮೇಲಿನದನ್ನು.

“ಹಾಗಾದ್ರೆ ಇವೂ...” ಅಂದರು. “ಅಯ್ಯೋ. ನಾನು ಯಾರನ್ನ ಉಳಿಸಿದೆ?”

“ನೀವು ಆ ಒಂಬತ್ತು ಬೆಕ್ಕನ್ನ ಕೊಟ್ಟು ಯಾರನ್ನೋ ಉಳಿಸಿದ್ರಿ. ನನ್ನ ತಂಗಿನ ಅಂತೂ ಅಲ್ಲ.”

ಸುಳ್ಳು ಸಹಿ ಹಾಕಿದವನೇ ನಾಯಿಯ ಔಷಧ ತುಂಬಿದ್ದೆಂದು ಸಾಧಿಸಲು ಹತ್ತನೆಯ ಬೆಕ್ಕು ಬೇಕು. ಅದರ ಕಿಡ್ನಿ ಹಾಳಾಗಿರಬೇಕು. ತಂಗಿ ಉಳಿಯಲಿ ಎಂದರೆ ಅಜ್ಜಿ ಕಾಯಿಲೆ ಬಿದ್ದಿರಲಿ ಎಂದು ಹಾರೈಸಬೇಕು. ಒಂದು ಕ್ಷಣ ಹಾರೈಸಿಯೂ ಬಿಟ್ಟ. ಜೀವಮಾನದಲ್ಲಿ ಇಷ್ಟು ಹೊಲಸಾದ ಆಸೆ ಅವನಿಗೆ ಎಂದೂ ಬಂದಿರಲಿಲ್ಲ.

ಗೋಡೆಯ ಮೇಲೆ ಮೂರೂ ಹತ್ತು.

“ಇನ್ನೂ ಐವತ್ತು ನಿಮಿಷ ಇದೆ. ನೀವೂ ಬನ್ನಿ ಸಮಿತಿ ಮುಂದೆ.”

“ಐವತ್ತು ನಿಮಿಷ?” ಡಾಕ್ಟರಮ್ಮ ತಲೆಯೆತ್ತಿದರು. “ನಿಮಗೆ ಯಾರೂ ಹೇಳಲಿಲ್ವಾ? ಒಬ್ಬರಿಗೆ ಸಂಜೆ ರೈಲಿದೆ ಅಂತ ಮೂರಕ್ಕೇ ಕೂತಿದ್ದಾರೆ.”

*

ಮೆಟ್ಟಿಲು ಮೂವತ್ತೆರಡು. ಓಡುವಾಗಲೂ ಎಣಿಸಿದ, ಚಟ ಬಿಡಲಿಲ್ಲ. ಎದೆಗವಚಿದ ಡಬ್ಬಿಯಿಂದ ಹಿಮ ಕರಗಿ ಅಂಗಿ ಒದ್ದೆಯಾಗಿತ್ತು. ಹಿಂದೆ ಡಾಕ್ಟರಮ್ಮನ ಚಪ್ಪಲಿ ಸದ್ದು.

ಮೇಲಿನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಮೂವರು ಕುರ್ಚಿ ಸರಿಸಿ ಏಳುತ್ತಿದ್ದರು, ಒಬ್ಬರು ಆಗಲೇ ಚೀಲ ಹೆಗಲಿಗೇರಿಸಿದ್ದರು. ಹೊರಗಿನ ಬೆಂಚಿನ ಮೇಲೆ ತಂಗಿ ಕೈ ಮಡಚಿ ಕುಳಿತಿದ್ದಳು. ಅತ್ತು ಮುಗಿಸಿದ ಮುಖ. ಅದರ ಮೇಲೆ, ಅವನನ್ನು ಹೆದರಿಸಿದ ಒಂದು ನಿರಾಳತೆ.

“ಮುಗೀತು ಅಣ್ಣ.”

“ಏನು ಮುಗೀತು?”

“ಬರೆದುಕೊಟ್ಟೆ. ಚೀಟಿ ತಪ್ಪಿದ್ದಲ್ಲ, ಔಷಧ ತಪ್ಪಿದ್ದು, ನಾನೇ ತುಂಬಿದ್ದು ಅಂತ. ನಾಯಿ ಬಾಟಲಿ. ನಂಗೆ ನೆನಪೇ ಇಲ್ಲ ನೋಡು. ಆದ್ರೆ ಸಹಿ ಇದೆಯಂತೆ. ನಾನಲ್ದೆ ಇನ್ಯಾರು ಮಾಡ್ತಾರೆ ಅಂಥ ತಪ್ಪು.” ಅವಳ ದನಿ ಸಣ್ಣದಾಯಿತು. “ಹತ್ತು ಜೀವ ಅಣ್ಣ.”

ಅವನು ಡಬ್ಬಿಯನ್ನು ಬೆಂಚಿನ ಮೇಲಿಟ್ಟ.

“ಎಷ್ಟು?”

“ಹತ್ತು.”

“ಪುಟ್ಟೀ. ಊರೆಲ್ಲ ಒಂಬತ್ತು ಅಂತಿದೆ. ಡಾಕ್ಟರಮ್ಮನಿಗೆ ಹತ್ತು ಅಂತ ಗೊತ್ತಾಗಿ ಇನ್ನೂ ಹತ್ತು ನಿಮಿಷ ಆಗಿಲ್ಲ. ನಿನಗೆ ಹತ್ತು ಅಂತ ಯಾರು ಹೇಳಿದ್ರು?”

“ಮಾವ. ಒಳಗೆ ಹೋಗೋಕೆ ಮುಂಚೆ ಬಂದು ಎಲ್ಲಾ ಹೇಳಿದ್ರು ಪಾಪ, ಅಳ್ತಾ. ‘ಹತ್ತು ಅಂತಾನೇ ಬರೀರಿ ಅಕ್ಕ, ಆಮೇಲೆ ಇನ್ನೊಂದು ಹೊರಗೆ ಬಂದ್ರೆ ಮತ್ತೆ ಕರೀತಾರೆ’ ಅಂದ್ರು.”

“ನನ್ನ ಬಿಟ್ರೆ ಆ ಡಬ್ಬಿ ಎಲ್ಲಿದೆ ಅಂತ ಗೊತ್ತಿದ್ದದ್ದು ಅವನೊಬ್ಬನಿಗೇ, ಹತ್ತನೇದನ್ನ ಅಲ್ಲಿ ಬಚ್ಚಿಟ್ಟಿದ್ದು ಅವನೇ,” ಅಂದರು ಡಾಕ್ಟರಮ್ಮ.

ಸರ್ವೇಯರ್ ತಂಗಿಯ ಎದುರು ಮೊಣಕಾಲೂರಿ ಕುಳಿತ. ಮಾತು ಮೆತ್ತಗೇ ಬಂತು, ಇನ್ನೂ ಕೈಯಲ್ಲಿ ಬೆಕ್ಕು ಇದ್ದಂತೆ.

“ಮಾವ ಈಗ ಎಲ್ಲಿ?”

“ನಮ್ಮನೆಗೆ ಹೋದ್ರು.” ಅವಳು ಅವನ ಒದ್ದೆ ಅಂಗಿಯನ್ನು ನೋಡುತ್ತ ಹೇಳುತ್ತಿದ್ದಳು, ಮುಖವನ್ನಲ್ಲ. “ಅಜ್ಜಿ ಊಟ ಬಿಟ್ಟಿದ್ದಾಳೆ ಅಂದೆನಲ್ಲ, ಪಾಪ ನೆನಪಿಟ್ಟುಕೊಂಡಿದ್ರು. ಔಷಧ ಕುಡಿಸಿ ಬರ್ತೀನಿ ಅಂತ ಬೀಗದ ಕೈ ಇಸ್ಕೊಂಡ್ರು. ಸಿರಿಂಜ್ ತುಂಬಿಕೊಂಡೇ ಬಂದಿದ್ರು. ಅರ್ಧ ಗಂಟೆ ಆಯ್ತು.”